ಬೆಳಕಿನ ಕಡ್ಡಿಯೊಳಗಿನ ದ್ರವಕ್ಕೆ ಹೆಸರಿಲ್ಲವೇ?

ಬಾಗಿಸಿದೊಡನೆ ಒಳಗಿನ ಗಾಜಿನ ಕೊಳವೆ ಒಡೆದು ಹಸಿರೋ ಕೇಸರಿಯೋ ಬೆಳಕು ಚೆಲ್ಲುವ ಪ್ಲಾಸ್ಟಿಕ್ ಕಡ್ಡಿಗಳು ಮಕ್ಕಳಿಗೆ ಬಲು ಇಷ್ಟ. ಸೆಲ್ಲು ಬೇಡ, ತಂತಿ ಬೇಡ. ಎರಡು ದ್ರವ ಬೆರೆತರೆ ಸಾಕು. ಗುರುಗುಂಟಾ ಅಮರೇಶ್ವರನ ಜಾತ್ರೆಗೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯಿಂದ ಬರುವ ತಂದೆತಾಯಂದಿರು ಇಂಥ ಕಡ್ಡಿಯೊಂದನ್ನು ಮಗುವಿನ ಕೈಗೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದಿದೆ: ಒಳಗಿರುವ ದ್ರವ ಯಾವುದು? ಆ ಹೆಸರನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸುವುದು ಕಡ್ಡಾಯವಾಗಬೇಕು ಎಂಬುದು ನನ್ನ ವಾದ. ಏಕೆಂದರೆ ಕಡ್ಡಿ ಎಷ್ಟು ಬೆಳಗುತ್ತದೆ, ಎಷ್ಟು ಹೊತ್ತು ಬೆಳಗುತ್ತದೆ, ಒಡೆದರೆ ಎಷ್ಟು ಅಪಾಯ ಎಂಬ ಮೂರನ್ನೂ ಬಹುಮಟ್ಟಿಗೆ ತೀರ್ಮಾನಿಸುವುದು ಆ ದ್ರವವೇ, ಅಂದರೆ ಉಳಿದ ವಸ್ತುಗಳನ್ನು ಕರಗಿಸಿಟ್ಟ ದ್ರಾವಕವೇ.

ಇದರ ರಸಾಯನವಿಜ್ಞಾನ 1960ರ ದಶಕದ್ದು. ಅಮೆರಿಕದ ಬೆಲ್ ಪ್ರಯೋಗಾಲಯದ ಎಡ್ವಿನ್ ಚಾಂಡ್ರಾಸ್ ಈ ಬಗೆಯ ಬೆಳಕನ್ನು ಮೊದಲು ಗುರುತಿಸಿದರು. ಅಮೆರಿಕನ್ ಸೈನಮಿಡ್ ಕಂಪನಿಯ ಮೈಕೆಲ್ ರೌಹಟ್ ಮತ್ತು ಸಂಗಡಿಗರು ಅದನ್ನು ಬಳಕೆಗೆ ತಂದರು. ಆಕ್ಸಲೇಟ್ ಎಸ್ಟರ್ ಎಂಬ ವಸ್ತುವಿಗೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಕ್ಷಣಕಾಲ ಮಾತ್ರ ಉಳಿಯುವ, ಶಕ್ತಿ ತುಂಬಿದ ಅಣುವೊಂದು ಹುಟ್ಟುತ್ತದೆ. ಅದು ಒಡೆಯುವಾಗ ಪಕ್ಕದ ಬಣ್ಣದ ಅಣುವಿಗೆ ಶಕ್ತಿಯನ್ನು ದಾಟಿಸುತ್ತದೆ, ಬಣ್ಣದ ಅಣು ಬೆಳಗುತ್ತದೆ. ದಾಟಿಸುವ ಆ ಗಳಿಗೆಯಲ್ಲಿ ಎರಡೂ ಅಣುಗಳು ಒಟ್ಟಿಗಿರಬೇಕು. ತೇರಿನ ಮುಂದಿನ ನೂಕುನುಗ್ಗಲಿನಲ್ಲಿ ಜೊತೆಗೆ ಸಿಕ್ಕಿಕೊಂಡ ಇಬ್ಬರು ಬೇಗ ಅಗಲಲಾರರಲ್ಲ, ಹಾಗೆ ಸುತ್ತಲಿನ ದ್ರಾವಕದ ಅಣುಗಳು ಈ ಜೋಡಿಯನ್ನು ಹಿಡಿದಿಡುತ್ತವೆ. ದ್ರವ ಮಂದವಾದಷ್ಟೂ ಹಿಡಿತ ಬಿಗಿ, ಬೆಳಕಿನ ಇಳುವರಿಯೂ ಹೆಚ್ಚು ಎಂದು ಪ್ರಯೋಗಗಳು ತೋರಿಸಿವೆ. ನೀರು ಈ ಕೆಲಸಕ್ಕೆ ಒಗ್ಗದು. ಎಸ್ಟರನ್ನೇ ಒಡೆದುಹಾಕಿ, ಬೆಳಕಾಗಬೇಕಾದ ಶಕ್ತಿಯನ್ನು ಪೋಲು ಮಾಡುತ್ತದೆ. ಆದ್ದರಿಂದಲೇ ಕಡ್ಡಿಯೊಳಗೆ ಎಣ್ಣೆಯಂಥ ದ್ರವ ಇರುತ್ತದೆ. ಎಲ್ಲ ಹೊಂದಿದರೆ ನೂರು ಅಣುಗಳ ಕ್ರಿಯೆಗೆ 50ರವರೆಗೂ ಬೆಳಕಿನ ಕಣಗಳು ಹೊಮ್ಮಿದ ದಾಖಲೆಯಿದೆ. ರಕ್ತದ ಕಲೆ ಹುಡುಕಲು ಪೊಲೀಸ್ ತಜ್ಞರು ಸಿಂಪಡಿಸುವ ಲುಮಿನಾಲ್‌ನಲ್ಲಿ ಹೊಮ್ಮುವುದು ಒಂದೇ ಒಂದು.

ಆ ಲುಮಿನಾಲ್‌ನ ಕಥೆಯೂ ದ್ರಾವಕದ್ದೇ. ನೀರಿನಲ್ಲಿ ಅದು ನೀಲಿಯಾಗಿ ಬೆಳಗಲು ಪೆರಾಕ್ಸೈಡ್ ಬೇಕು, ಕಬ್ಬಿಣದಂಥ ಪ್ರೇರಕವೂ ಬೇಕು. ಡೈಮಿಥೈಲ್ ಸಲ್ಫಾಕ್ಸೈಡ್‌ನಲ್ಲಿ ಕರಗಿಸಿದರೆ ಕ್ಷಾರ ಮತ್ತು ಗಾಳಿಯ ಆಮ್ಲಜನಕವೇ ಸಾಕು. ಬಣ್ಣವೂ ಹಸಿರಿನತ್ತ ಸರಿಯುತ್ತದೆ. ಹಾಗಾದರೆ ಮಿಂಚುಹುಳ ನೀರು ತುಂಬಿದ ದೇಹದಲ್ಲಿ ಹೇಗೆ ಬೆಳಗುತ್ತದೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದರ ಕಿಣ್ವದೊಳಗೆ ನೀರಿಗೆ ಹೆಚ್ಚು ಎಡೆಗೊಡದ ಪುಟ್ಟ ಗೂಡೊಂದಿದೆ. ಬೆಳಕು ಹುಟ್ಟುವುದು ಅಲ್ಲಿ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಇಳುವರಿಯನ್ನು ಶೇ 41 ಎಂದು ಅಳೆದರು. ನೀರಿನಲ್ಲಿ ಸಾವಿರಾರು ಪಟ್ಟು ಮಂಕಾಗುತ್ತಿದ್ದ ಡೈಆಕ್ಸಿಟೇನ್ ಎಂಬ ಅಣುಗಳನ್ನು 2017ರಲ್ಲಿ ಟೆಲ್ ಅವೀವ್‌ನ ಡೊರೊನ್ ಶಬಾತ್ ತಂಡ ರಚನೆ ಬದಲಿಸಿ ನೀರಿನಲ್ಲೇ ಪ್ರಖರವಾಗಿ ಬೆಳಗಿಸಿತು. ದ್ರಾವಕದ ಅಡ್ಡಿಯನ್ನು ಅರಿತವರಿಗೆ ದಾರಿಯೂ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕಡ್ಡಿ ತಯಾರಕರು ಬಹುಕಾಲ ನೆಚ್ಚಿಕೊಂಡದ್ದು ಡೈಬ್ಯುಟೈಲ್ ಥ್ಯಾಲೇಟನ್ನು. ಅಗ್ಗ, ಎಸ್ಟರನ್ನು ಚೆನ್ನಾಗಿ ಕರಗಿಸುತ್ತದೆ, ನೀರನ್ನು ದೂರವಿಡುತ್ತದೆ. ಆದರೆ ಸಂತಾನಶಕ್ತಿಗೆ ಹಾನಿಕರ ಎಂದು ಯುರೋಪು ಗುರುತಿಸಿದ ವಸ್ತು ಅದು. ಅಲ್ಲಿ ಆಟಿಕೆಯ ಪ್ಲಾಸ್ಟಿಕ್‌ನಲ್ಲಿ ಅದು ಶೇ 0.1ನ್ನು ಮೀರುವಂತಿಲ್ಲ. ನಮ್ಮಲ್ಲೂ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ, ಥ್ಯಾಲೇಟ್ ಮಾನದಂಡವೂ ಅದರಲ್ಲಿ ಸೇರಿದೆ. ಕಡ್ಡಿ ಆಟಿಕೆಯಲ್ಲ, ಅಲಂಕಾರದ ಸಾಮಾನು ಎಂದು ವ್ಯಾಪಾರಿಗಳು ವಾದಿಸಬಹುದು. ಮಗುವಿನ ಕೈಯಲ್ಲಿ, ಕೊರಳಲ್ಲಿ ಇರುವುದಕ್ಕೆ ಬೇರೆ ಹೆಸರಿಟ್ಟರೆ ಒಳಗಿನ ದ್ರವ ಬದಲಾಗುವುದಿಲ್ಲ. ಇರುವುದೇ ಕೆಲವು ಹನಿ, ಅದಕ್ಕೇಕೆ ಗದ್ದಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ: ಕಡ್ಡಿ ಕಚ್ಚಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗುವುದು ಬಾಯುರಿ, ಕಣ್ಣುರಿಯಷ್ಟೇ. ನಾನು ನಿಷೇಧ ಕೇಳುತ್ತಿಲ್ಲ. ಆದರೆ ಕಣ್ಣಿಗೆ ಸಿಡಿದ ಮಗುವನ್ನು ಆಸ್ಪತ್ರೆಗೆ ಒಯ್ದಾಗ, ಸಿಡಿದದ್ದು ಏನೆಂದು ಪೊಟ್ಟಣ ನೋಡಿಯಾದರೂ ವೈದ್ಯರಿಗೆ ತಿಳಿಯಬೇಕು. ಸುರಕ್ಷಿತ ದ್ರಾವಕ ಹಾಕಿದರೆ ಬೆಳಕು ಕುಗ್ಗುತ್ತದೆ ಎಂಬ ಆಕ್ಷೇಪವೂ ಪೂರ್ತಿ ನಿಲ್ಲದು. ಆಹಾರದಲ್ಲಿ ಬಳಸಲು ಒಪ್ಪಿಗೆ ಪಡೆದ ಟ್ರೈಇಥೈಲ್ ಸಿಟ್ರೇಟ್‌ನಲ್ಲೂ ಇಂಥ ಕಡ್ಡಿ ಮಾಡಬಹುದು. ಬೆಳಕು ತುಸು ಕಡಿಮೆಯಾದರೂ ಮಗುವಿಗೆ ನಷ್ಟವಿಲ್ಲ.

ಭಾರತೀಯ ಮಾನಕ ಬ್ಯೂರೊ ಬೆಳಕಿನ ಕಡ್ಡಿಯನ್ನು ಸ್ಪಷ್ಟವಾಗಿ ಆಟಿಕೆಯೆಂದೇ ಪರಿಗಣಿಸಿ, ಪ್ಲಾಸ್ಟಿಕ್‌ನ ಜೊತೆಗೆ ಒಳಗಿನ ದ್ರವವನ್ನೂ ಪರೀಕ್ಷೆಗೆ ಒಳಪಡಿಸಲಿ, ದ್ರಾವಕದ ಹೆಸರನ್ನು ರಾಜ್ಯದ ಭಾಷೆಯಲ್ಲಿ ಮುದ್ರಿಸಲು ಹೇಳಲಿ. ಅಲ್ಲಿಯವರೆಗೆ ಓದುಗರು ಐಎಸ್‌ಐ ಗುರುತಿಲ್ಲದ ಕಡ್ಡಿ ಕೊಳ್ಳಬೇಡಿ, ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಒಡೆದು ಕಣ್ಣಿಗೆ ಸಿಡಿದರೆ ಉಜ್ಜದೆ, ಧಾರಾಳ ನೀರಿನಿಂದ ತೊಳೆದು, ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ.