ನಟನ ವಿದ್ಯೆಗೆ ತಾಯ್ನುಡಿಯ ಶಾಲೆ

ನಟನು ಹುಟ್ಟಿನಿಂದಲೇ ನಟನು, ಆ ಕಲೆಯನ್ನು ಶಾಲೆಯಲ್ಲಿ ಕಲಿಸಲಾಗದು ಎಂಬ ಮಾತು ನಮ್ಮ ಜನರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಚರಿತ್ರೆಯನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು. 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಆಶ್ರಯದಲ್ಲಿ ಸ್ಥಾಪಿತವಾಗಿ, 1975ರಲ್ಲಿ ಸ್ವತಂತ್ರ ಸಂಸ್ಥೆಯಾದ ಈ ಶಾಲೆಯು ಮೂರು ವರ್ಷಗಳ ಕ್ರಮವಾದ ಶಿಕ್ಷಣದಿಂದ ರಂಗವಿದ್ಯೆಗೆ ಇತರ ವಿದ್ಯೆಗಳಿಗೆ ಸಮನಾದ ಗೌರವವನ್ನು ಸಂಪಾದಿಸಿಕೊಟ್ಟಿತು.

1962ರಿಂದ 1977ರವರೆಗೆ ಅದನ್ನು ನಡೆಸಿದ ಇಬ್ರಾಹಿಂ ಅಲ್ಕಾಜಿಯವರು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತವರು. ಧ್ವನಿ, ಉಚ್ಚಾರ, ಅಂಗಸಾಧನೆಗಳು ಮಾತ್ರವಲ್ಲದೆ ರಂಗಸಜ್ಜಿಕೆ, ಬೆಳಕು, ಉಡುಪುಗಳ ಕೆಲಸವನ್ನೂ ವಿದ್ಯಾರ್ಥಿಯು ಕೈಯಾರೆ ಮಾಡಿ ಕಲಿಯತಕ್ಕದ್ದೆಂಬ ಶಿಸ್ತು ಅವರ ಕಾಲದಲ್ಲಿ ನೆಲೆಗೊಂಡಿತು. 1964ರಲ್ಲಿ ಶಾಲೆಗೆ ಸೇರಿದಂತೆ ವೃತ್ತಿನಟರ ಮಂಡಲಿಯೊಂದೂ ಏರ್ಪಟ್ಟಿತು. ಇದು ಸಾಮಾನ್ಯ ಸೇವೆಯಲ್ಲ.

ಆದರೆ ಈ ಶಾಲೆಯನ್ನು ಸೇರಬಯಸುವವನು ಪದವೀಧರನಾಗಿರಬೇಕು. ಹಿಂದಿ, ಇಂಗ್ಲಿಷುಗಳ ಪರಿಚಯವುಳ್ಳವನಾಗಿರಬೇಕು. ನಮ್ಮ ಬಿ. ವಿ. ಕಾರಂತರ ಜೀವನವನ್ನೇ ನೋಡಿರಿ. ಬಾಲ್ಯದಲ್ಲಿ ಗುಬ್ಬಿ ಕಂಪನಿಯನ್ನು ಸೇರಿದ ಅವರನ್ನು ವೀರಣ್ಣನವರು ಕಾಶಿಗೆ ಕಳುಹಿಸಿ ಓದಿಸಿದರು. ಅನಂತರವೇ ಅವರು ದೆಹಲಿಯ ಶಾಲೆಯಲ್ಲಿ ಕಲಿತು, 1977ರಲ್ಲಿ ಅದಕ್ಕೇ ನಿರ್ದೇಶಕರಾದರು; ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಯಕ್ಷಗಾನದ ರೀತಿಯಲ್ಲಿ ಹಿಂದಿ ನಟರಿಂದ ಆಡಿಸಿದರು. ಬಯಲಾಟದ ನಾಡಿನಿಂದ ದೆಹಲಿಯು ಕಲಿಯತಕ್ಕದ್ದು ಉಂಟೆಂದು ಹೀಗೆ ಸಿದ್ಧವಾಯಿತು. ಆದರೆ ಪ್ರತಿಯೊಬ್ಬ ಬಡ ಹುಡುಗನಿಗೂ ಒಬ್ಬ ವೀರಣ್ಣನವರು ದೊರೆಯುವರೇ?

ನಟನ ಮುಖ್ಯ ಸಾಧನವು ಮಾತು. ಪರಭಾಷೆಯಲ್ಲಿ ಪಳಗಿದ ನಾಲಗೆಯನ್ನು ಊರಿಗೆ ಬಂದು ಮತ್ತೆ ಪಳಗಿಸಬೇಕಾಗುತ್ತದೆ. ಇಲ್ಲವೇ ಅವನು ಊರಿಗೆ ಬಾರದೆ ಮುಂಬಯಿಯ ಚಿತ್ರರಂಗದ ದಾರಿಯನ್ನು ಹಿಡಿಯುತ್ತಾನೆ. ಅವನನ್ನು ನಿಂದಿಸಿ ಫಲವಿಲ್ಲ. ಊರಿನಲ್ಲಿ ಅವನಿಗೆ ಅನ್ನವಿರಬೇಕು.

ಇದನ್ನು ಮೊದಲೇ ಮನಗಂಡವರು ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು. ಅಡಕೆ ತೋಟಗಳ ನಡುವಣ ಆ ಹಳ್ಳಿಯಲ್ಲಿ ನೀನಾಸಂ ಸಂಸ್ಥೆಯು 1980ರಲ್ಲಿ ಕನ್ನಡದಲ್ಲಿಯೇ ಕಲಿಸುವ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. 1985ರಲ್ಲಿ ಆರಂಭವಾದ ಅದರ ತಿರುಗಾಟವು ನಾಟಕಗಳನ್ನು ಊರೂರಿಗೆ ಕೊಂಡೊಯ್ಯುತ್ತ ಬಂದಿದೆ. 1989ರಲ್ಲಿ ಕಾರಂತರ ನೇತೃತ್ವದಲ್ಲಿ ಸರ್ಕಾರದವರು ಮೈಸೂರಿನಲ್ಲಿ ರಂಗಾಯಣವನ್ನು ಸ್ಥಾಪಿಸಿದರು. ಕಲಿಸುವ ಶಾಲೆ, ಕಲಿತವರಿಗೆ ನೆಲೆ, ಈ ಎರಡರ ದಾರಿಯೂ ಹೀಗೆ ನಮ್ಮ ನಾಡಿನಲ್ಲಿಯೇ ತೋರಿದೆ.

ಈ ದಾರಿಯನ್ನು ಅಗಲಗೊಳಿಸುವುದು ಸರ್ಕಾರದವರ ಮತ್ತು ಮಹಾಜನರ ಕರ್ತವ್ಯವು. ಪ್ರೌಢಶಾಲೆಗಳಲ್ಲಿ ರಂಗಶಿಕ್ಷಣ ಪಡೆದ ಉಪಾಧ್ಯಾಯರನ್ನು ಹೆಚ್ಚಾಗಿ ನೇಮಿಸಲಿ. ಪಟ್ಟಣದ ಸಂಸ್ಥೆಗಳು ವರ್ಷಕ್ಕೊಂದು ನಾಟಕವನ್ನಾದರೂ ಹಣಕೊಟ್ಟು ಆಡಿಸಲಿ. ನೋಡುವವರು ಉಚಿತ ಪಾಸಿಗೆ ಕೈಚಾಚದೆ ಟಿಕೆಟ್ಟನ್ನು ಕೊಳ್ಳಲಿ. ದೆಹಲಿಯ ಶಾಲೆಯ ಕೀರ್ತಿಗೆ ನಾವು ನಮಸ್ಕರಿಸುತ್ತೇವೆ. ಆದರೆ ಕನ್ನಡ ನಟನ ಅಕ್ಷರಾಭ್ಯಾಸವು ಕನ್ನಡದಲ್ಲಿಯೇ ನಡೆಯತಕ್ಕದ್ದೆಂಬುದು ನಮ್ಮ ದೃಢವಾದ ಅಭಿಪ್ರಾಯ.