ಭುಜ್‌ನ ಬೆಲ್ಟು, ನಮ್ಮೂರ ಮಾಳಿಗೆ

ಭುಜ್‌ಗೆ ನಾವು ಹೋದದ್ದು ಕಚ್ಚಿನ ಬಿಳಿ ಉಪ್ಪಿನ ರಣ ನೋಡಲು. ನಮ್ಮೂರು ಪಾಮನಕಲ್ಲೂರಿನಿಂದ ರಾಯಚೂರು, ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬೈ, ಬಾಂದ್ರಾದಿಂದ ಕಚ್ ಎಕ್ಸ್‌ಪ್ರೆಸ್. ಬೆಳಿಗ್ಗೆ ಇಳಿದಾಗ ಸೊಂಟ ನೆಟ್ಟಗಿರಲಿಲ್ಲ, ಕಣ್ಣು ಉರಿಯುತ್ತಿದ್ದವು. ಹನ್ನೆರಡು ಹೊಡೆಯುವ ತನಕ ಕೋಣೆ ಖಾಲಿಯಾಗುವುದಿಲ್ಲ ಎಂದರು ಲಾಡ್ಜಿನವರು. ಬ್ಯಾಗುಗಳನ್ನು ಕೌಂಟರಿನ ಹಿಂದೆ ತುರುಕಿ, ಚಹಾ ಕುಡಿದು ಆಟೊ ಹತ್ತಿದೆವು. ನಿದ್ದೆಗೆಟ್ಟವನಿಗೆ ಊರಿನ ಚೆಂದ ಕಾಣುವುದಿಲ್ಲ, ಒರಗಲು ಗೋಡೆ ಎಲ್ಲಿದೆ ಎಂಬುದಷ್ಟೇ ಕಾಣುತ್ತದೆ. ನಾನು ಗೌಂಡಿಯ ಮಗ, ಸಣ್ಣಪುಟ್ಟ ಮನೆ ಕಟ್ಟಿಸಿಕೊಡುವ ಗುತ್ತಿಗೆದಾರ. ಗೋಡೆ ಸಿಕ್ಕರೆ ಒರಗುವುದು ಬಿಟ್ಟು ಅದನ್ನೇ ನೋಡುತ್ತ ನಿಲ್ಲುವ ಚಾಳಿ.

ಹಮೀರಸರ ಕೆರೆಯಿಂದ ಸ್ವಲ್ಪ ಆಚೆ ಛತ್ರಡಿ ಇದೆ, ಕಚ್ಚಿನ ರಾಜರ ಸಮಾಧಿ ಮಂಟಪಗಳು. 2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ, ಇಡೀ ದೇಶ ಧ್ವಜ ಏರಿಸುವ ಹೊತ್ತಿಗೆ, ಭೂಕಂಪವಾಗಿ ಇವುಗಳಲ್ಲಿ ಹಲವು ನೆಲ ಕಂಡವು. ಕೆತ್ತನೆಯ ಕಂಬ, ಕಮಾನಿನ ತುಂಡುಗಳು ಇಂದಿಗೂ ಬಯಲಲ್ಲಿ ಬಿದ್ದಿವೆ. ಹತ್ತಿರದಲ್ಲೇ ಬೇರೆ ಮಂಟಪಗಳು ನಿಂತೂ ಇವೆ. ಅದೇ ಊರು, ಅದೇ ಅಲುಗಾಟ. ಬಿದ್ದ ಕಲ್ಲುಗಳ ನಡುವೆ ನಾನು ಕುಕ್ಕರಗಾಲಲ್ಲಿ ಕೂತದ್ದು ನೋಡಿ ಮನೆಯಾಕೆ ಗದರಿದಳು: ‘ಮಂದಿ ಫೋಟೊ ತೆಗಸ್ಕೊಳ್ಳಾಕ ಹತ್ಯಾರ, ನೀವು ನೋಡಿದ್ರ ಸಂದ್ಯಾಗ ಕೈ ಹಾಕಿ ಕುಂತೀರಿ. ಬಂದಿದ್ದು ಅಡ್ಯಾಡಾಕೋ, ಗ್ವಾಡಿ ನೋಡಾಕೋ?’

ಭುಜಿಯೊ ಗುಡ್ಡದ ಮೇಲೆ 2022ರಲ್ಲಿ ತೆರೆದ ಸ್ಮೃತಿವನದಲ್ಲಿ ಸತ್ತವರ ಹೆಸರಿನ ಫಲಕಗಳಿವೆ. ಗುಜರಾತಿನಲ್ಲಿ ಆ ದಿನ ಸತ್ತವರು ಸರ್ಕಾರಿ ಲೆಕ್ಕದಲ್ಲೇ 13,800ಕ್ಕೂ ಹೆಚ್ಚು. ಒಳಗೆ ನೆಲ ಗಡಗಡ ಅಲುಗಿಸಿ ಭೂಕಂಪದ ಅನುಭವ ಕೊಡುವ ಕೋಣೆಯೊಂದಿದೆ. ಹುಡುಗರು ಕೇಕೆ ಹಾಕಿ ನಗುತ್ತ ಹೊರಬಂದರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ರಜೆಗೆ ಬಂದವರು ಅಳಬೇಕೆಂಬ ಕಾನೂನಿಲ್ಲ. ಆದರೆ ನೆಲ ಅಲುಗಿದ್ದರಿಂದಲೇ ಜನ ಸತ್ತರು ಎಂದು ತಿಳಿದು ಮನೆಗೆ ಹೋದರೆ ಅರ್ಧ ಪಾಠವಷ್ಟೇ ಆಯಿತು. ಅಲುಗಿದ್ದು ನೆಲ, ಕೊಂದದ್ದು ಗೋಡೆ.

ಉಳಿದರ್ಧ ನನಗೆ ಸಿಕ್ಕಿದ್ದು ಹಳೇ ಊರಿನ ಒಂದು ಓಣಿಯಲ್ಲಿ, ಕಟ್ಟುತ್ತಿದ್ದ ಸಾದಾ ಮನೆಯ ಮುಂದೆ. ಕಿಟಕಿ-ಬಾಗಿಲುಗಳ ನೆತ್ತಿಯ ಮೇಲೆ ಮನೆಯ ಸುತ್ತಲೂ ಕಾಂಕ್ರೀಟಿನ ಬೆಲ್ಟು ಹಾಕಲು ಸರಳು ಕಟ್ಟಿದ್ದರು. ಮೂಲೆಗೆ ಬಂದ ಸರಳು ಅಲ್ಲೇ ನಿಂತಿರಲಿಲ್ಲ, ಬಾಗಿ ಪಕ್ಕದ ಗೋಡೆಯೊಳಗೆ ಮೊಳದುದ್ದ ಹೋಗಿತ್ತು. ನಮ್ಮ ಕಡೆ ಬೆಲ್ಟು ಹಾಕಿದರೂ ಮೂಲೆಗೆ ಸರಳು ಕತ್ತರಿಸಿ ನಿಲ್ಲಿಸುತ್ತಾರೆ. ಮನೆ ಅಲುಗಿದಾಗ ಮೊದಲು ಬಾಯಿ ಬಿಡುವುದು ಮೂಲೆ. ಅಲ್ಲಿ ಹಿಡಿತವಿಲ್ಲದ ಬೆಲ್ಟು ಗುಂಡಿ ಇಲ್ಲದ ಅಂಗಿಯ ಹಾಗೆ. ಈ ರೂಢಿ ಕಚ್ಚಿನಲ್ಲಿ ತಾನಾಗಿ ಬೆಳೆದದ್ದಲ್ಲ. ಭೂಕಂಪದ ಬೆನ್ನಲ್ಲೇ ಹುಟ್ಟಿದ ಗುಜರಾತ್ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಗೌಂಡಿಗಳಿಗೆ ತರಬೇತಿ ಕೊಡಿಸಿತು. ಮನೆಯವರ ಕೈಗೆ ಹಣ ಕೊಟ್ಟು ಅವರವರ ಮನೆ ಅವರವರೇ ಕಟ್ಟಿಕೊಳ್ಳಲಿ ಎಂದರೂ, ಎಂಜಿನಿಯರು ನೋಡಿ ಒಪ್ಪಿದ ಮೇಲೆಯೇ ಮುಂದಿನ ಕಂತು.

‘ಅದು ಗುಜರಾತ್, ನಮ್ಮಲ್ಲಿ ಎಲ್ಲಿ ಭೂಕಂಪ?’ ಎಂದು ಕೇಳುವವರು ಬಹಳ. 2002ರ ಭೂಕಂಪ ನಕ್ಷೆಯಂತೆ ರಾಯಚೂರು ಎರಡನೇ ವಲಯ, ಅಂದರೆ ಅಪಾಯ ಅತಿ ಕಡಿಮೆ. ಆದರೆ ನಮ್ಮ ಬೀದರ್-ಕಲಬುರ್ಗಿಯ ಗಡಿಯಾಚೆಗಿನ ಕಿಲ್ಲಾರಿ ಅದಕ್ಕಿಂತಲೂ ಕಡಿಮೆ ಎಂದು ಹಳೇ ನಕ್ಷೆ ಗುರುತಿಸಿದ್ದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಮಲಗಿದ ಜನ, ನಸುಕಿನ 3.56ಕ್ಕೆ ನೆಲ ಅಲುಗಿತು. ಲಾತೂರು-ಉಸ್ಮಾನಾಬಾದ್ ಹಳ್ಳಿಗಳಲ್ಲಿ ಹತ್ತು ಸಾವಿರದ ಹತ್ತಿರ ಜನ ಹೋದರು. ಆಮೇಲೆ ನಕ್ಷೆಯಿಂದ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ಕಿಲ್ಲಾರಿ ಅಲುಗಿದ ಆ ನಸುಕಿನಲ್ಲಿ ನಮ್ಮ ಮನೆಯಲ್ಲೂ ನಿಲುವಿನ ಮೇಲಿನ ಪಾತ್ರೆಗಳು ಸದ್ದು ಮಾಡಿದ್ದನ್ನು ಅವ್ವ ಹೇಳುತ್ತಿದ್ದಳು. ತೀರ ಈಚೆಗೆ, 2021ರ ಅಕ್ಟೋಬರಿನಲ್ಲಿ, ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಒಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು.

ಕಿಲ್ಲಾರಿಯ ಮನೆಗಳು ಹೇಗಿದ್ದವೋ ನಮ್ಮೂರ ಹಳೇ ಮನೆಗಳೂ ಹಾಗೇ ಇವೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು. ಎರಡೂ ಸಾಲನ್ನು ಹಿಡಿದಿಡುವ ಉದ್ದನೆಯ ಕಲ್ಲುಗಳನ್ನು ಅಪ್ಪ ತಪ್ಪದೆ ಇಡುತ್ತಿದ್ದ. ಈಗ ಅಂಥ ಕಲ್ಲು ತುಟ್ಟಿ, ಇಡುವವರು ಕಡಿಮೆ. ಮೇಲೆ ಮಣ್ಣಿನ ಮಾಳಿಗೆ. ಸೋರಬಾರದೆಂದು ಮಳೆಗಾಲದ ಮುಂದೆ ಅದಕ್ಕೆ ಮತ್ತೆ ಮಣ್ಣು. ಅಜ್ಜ ಹಾಕಿದ್ದು, ಅಪ್ಪ ಹಾಕಿದ್ದು, ಮಗ ಹಾಕಿದ್ದು ಎಲ್ಲ ಮಲಗಿದವರ ನೆತ್ತಿಯ ಮೇಲೆ. ಮಾಳಿಗೆ ಮನೆ ಬೇಸಿಗೆಗೆ ತಂಪು, ಅದನ್ನು ಕೆಡವಿ ಎಂದು ನಾನು ಹೇಳಲಾರೆ. ಹೊಸ ಪದರ ಹಾಕುವ ಮೊದಲು ಹಳೆಯದನ್ನು ಕೆರೆದು ಇಳಿಸಿ ಎಂದಷ್ಟೇ ಹೇಳುತ್ತೇನೆ.

ಹೊಸ ಕಟ್ಟಡಗಳೇನೂ ಸುರಕ್ಷಿತವಲ್ಲ. 2001ರಲ್ಲಿ ಭುಜ್‌ನಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಕುಸಿದ ಅನೇಕ ಅಪಾರ್ಟ್‌ಮೆಂಟುಗಳ ಕೆಳಗೆ ಕಾರು ನಿಲ್ಲಿಸಲೆಂದು ಬರೀ ಕಂಬಗಳಿದ್ದವು, ಗೋಡೆ ಇರಲಿಲ್ಲ. ಸಿಂಧನೂರು, ಮಸ್ಕಿಯ ಮುಖ್ಯರಸ್ತೆಯಲ್ಲಿ ಒಮ್ಮೆ ಅಡ್ಡಾಡಿ ಬನ್ನಿ. ಕೆಳಗೆ ಶಟರಿನ ಅಂಗಡಿ ಸಾಲು, ಮೇಲೆ ಅಂತಸ್ತಿನ ಮೇಲೆ ಅಂತಸ್ತು.

ದುಡ್ಡು ಎಲ್ಲಿಂದ ತರೋಣ ಎಂಬುದು ಮುಂದಿನ ಪ್ರಶ್ನೆ. ಸಣ್ಣ ಮನೆಯ ಬೆಲ್ಟಿಗೆ ಬೇಕಾದದ್ದು ಮೂರು ಇಂಚು ದಪ್ಪದ ಕಾಂಕ್ರೀಟು, ಎರಡು ಸರಳು, ಅವನ್ನು ಹಿಡಿದಿಡಲು ಅಡ್ಡಕಡ್ಡಿ. ಮುಂಬಾಗಿಲ ಗ್ರಾನೈಟಿಗೆ, ಬಣ್ಣಬಣ್ಣದ ಟೈಲ್ಸಿಗೆ ಸುರಿಯುವ ಹಣದ ಮುಂದೆ ಅದು ಯಾವ ಲೆಕ್ಕ? ವಸತಿ ಯೋಜನೆಯ ಮನೆಗಳಿಗೆ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಹಂತಕ್ಕೆ ಜಿಪಿಎಸ್ ಫೋಟೊ ತೆಗೆದೇ ಕಂತು ಬಿಡುತ್ತಾರೆ. ನಾನು ಕಂಡ ಲಿಂಟಲ್ ಫೋಟೊಗಳಲ್ಲಿ ಫಲಾನುಭವಿಯ ಮುಖ, ಹಿಂದೆ ಅಷ್ಟೆತ್ತರದ ಗೋಡೆ, ಅಷ್ಟೇ. ಅದೇ ಫೋಟೊವನ್ನು ಕಾಂಕ್ರೀಟು ಸುರಿಯುವ ಹಿಂದಿನ ದಿನ, ನಾಲ್ಕೂ ಮೂಲೆಯ ಸರಳು ಬಾಗಿದ್ದು ಕಾಣುವಂತೆ ತೆಗೆಯಲಿ. ಇಲ್ಲವಾದರೆ ಕಂತು ತಡೆಯಲಿ. ನನ್ನಂಥ ಗುತ್ತಿಗೆದಾರರು ನಾಲ್ಕು ದಿನ ಗೊಣಗುತ್ತೇವೆ, ಐದನೆಯ ದಿನ ಸರಳು ಬಾಗಿಸುತ್ತೇವೆ.