ಯಾವ ಶಾಲೆ ಮೇಲು?

ಜೂನ್ ಮಾಸವು ಸಮೀಪಿಸಿದೊಡನೆ, ಹಾಸನದಂತಹ ಸಣ್ಣ ನಗರಗಳ ಗೃಹಸ್ಥರು ನಮ್ಮನ್ನು ಕೇಳುವುದುಂಟು: “ಮೇಷ್ಟರೇ, ಸರ್ಕಾರಿ ಶಾಲೆಗಳಲ್ಲಿ ಯಾವುದು ಮೇಲು?”

ಕಟ್ಟಡದ ಸುಣ್ಣಬಣ್ಣಗಳಿಂದ ಈ ತಾರತಮ್ಯವು ತಿಳಿಯತಕ್ಕುದಲ್ಲ, ಉಪಾಧ್ಯಾಯರನ್ನು ಎಣಿಸಬೇಕು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ, 1ರಿಂದ 5ನೆಯ ತರಗತಿಗಳಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು ಇರತಕ್ಕದ್ದು. ಇಬ್ಬರಿದ್ದರೆ ಕಾಯಿದೆಗೆ ಭಂಗವಿಲ್ಲ. ಆದರೆ ಐದು ತರಗತಿಗಳನ್ನು ಅವರಿಬ್ಬರೇ ಹಂಚಿಕೊಳ್ಳಬೇಕು. ಒಂದು ತರಗತಿಗೆ ಲೆಕ್ಕ ಹೇಳುವಾಗ ಮತ್ತೊಂದು ಕಾದು ಕುಳಿತಿರಬೇಕು.

ಆದುದರಿಂದ ವಾಚಕರು ಶಾಲೆಗೆ ಹೋಗಿ, ಒಂದು ಕೊಠಡಿಯಲ್ಲಿ ಎಷ್ಟು ತರಗತಿಗಳು ಕುಳಿತಿವೆಯೆಂದು ನೋಡಲಿ. 3ನೆಯ ತರಗತಿಯ ಮಗುವಿನಿಂದ, ಅದು ಹಿಂದೆ ಕಾಣದ ಪುಸ್ತಕದ ಒಂದು ಪುಟವನ್ನು ಓದಿಸಿ ಕೇಳಲಿ.

ಇನ್ನೊಂದು ಮಾತು. ಮಕ್ಕಳು ಕಡಮೆಯಾದಂತೆ ಉಪಾಧ್ಯಾಯರೂ ಕಡಮೆಯಾಗುವರು. ನಾವೆಲ್ಲರೂ ಬಿಟ್ಟುಹೋದ ಶಾಲೆಯನ್ನು ಕೀಳೆಂದು ನಾವೇ ಹಳಿಯುವುದು ನ್ಯಾಯವಲ್ಲ.